ಹಲಸಿನ ಕೆಂಪು ತೊಳೆ: ಒಂದು ಸಾಲದ ಅರ್ಜಿಯ ನೆಪದಲ್ಲಿ

ಕಳೆದ ಜೂನ್ ತಿಂಗಳ ಎರಡನೆಯ ವಾರದಲ್ಲಿ ಗುಬ್ಬಿ ಕಡೆಯ ನಮ್ಮ ಸದಸ್ಯರೊಬ್ಬರು ಉಪ್ಪಾರಹಳ್ಳಿಯ ಸಂಘದ ಕಚೇರಿಗೆ ಬಂದು ಸಾಲದ ಅರ್ಜಿಯೊಂದನ್ನು ನಮ್ಮ ಮೇಜಿನ ಮೇಲಿಟ್ಟರು. ಮೂರು ಎಕರೆ ರಾಗಿ ಹೊಲದಲ್ಲಿ ಕೆಂಪು ತೊಳೆಯ ಹಲಸಿನ 300 ಕಸಿ ಗಿಡ ನೆಡಬೇಕು. ಗಿಡವೊಂದಕ್ಕೆ 350 ರೂಪಾಯಿಯಂತೆ ಒಂದು ಲಕ್ಷದ ಐದು ಸಾವಿರ. ಗುಂಡಿ, ಗೊಬ್ಬರ, ಹನಿ ನೀರಾವರಿಯ ಖರ್ಚು ಬೇರೆ. ಅರ್ಜಿಯ ಜೊತೆಗೆ ಬಣ್ಣದ ಕರಪತ್ರವೊಂದನ್ನೂ ಲಗತ್ತಿಸಿದ್ದರು. ಯಾವುದೋ ಮೇಳದಲ್ಲಿ ಗಿಡ ಮಾರುವವರು ಹಂಚಿದ್ದು. ‘ಆಂಟಿ ಆಕ್ಸಿಡೆಂಟುಗಳ ಖಜಾನೆ, ಸಕ್ಕರೆ ಕಾಯಿಲೆ, ಹೃದ್ರೋಗ, ಕ್ಯಾನ್ಸರ್ ಮೂರಕ್ಕೂ ರಾಮಬಾಣ’ ಎಂದು ಅದರಲ್ಲಿ ದಪ್ಪ ಅಕ್ಷರಗಳಲ್ಲಿ ಅಚ್ಚಾಗಿತ್ತು.

“ಏನ್ ಗೌಡ್ರೆ, ರಾಗಿ ಹೊಲಕ್ಕೆಲ್ಲ ಹಲಸಾ?” ಎಂದೆವು.

“ರಾಗಿ ಬೆಳ್ದು ಏನ್ ಉಳೀತೈತೆ ಸ್ವಾಮಿ? ಇದ್ರಲ್ಲಿ ಅದೇನೋ ಆಕ್ಸಿಡೆಂಟ್ ಐತಂತೆ. ಓದಿ ನೋಡಿ, ನೀವು ಬಿ.ಎಸ್ಸಿ. ಮಾಡಿದೋರು.”

ಅರ್ಜಿದಾರರು ಹಾಕಬೇಕಾದ ಸ್ವಂತ ಪಾಲಿನ ಹಣ ಎಲ್ಲಿಂದ ಬರುತ್ತದೆಂದು ಕೇಳಿದಾಗ ಅವರು ಹೇಳಿದ ಮಾತು ನಮ್ಮನ್ನು ಆ ದಿನವೆಲ್ಲ ಕಾಡಿತು. ತೋಟದ ಬದುವಿನ ಮೇಲೆ ಅವರ ತಂದೆಯ ಕಾಲದ ನಾಲ್ಕು ಹಲಸಿನ ಮರಗಳಿವೆಯಂತೆ. ನಾಟಾ ವ್ಯಾಪಾರಿ ಬಂದು ನೋಡಿ ಬುಡಕ್ಕೆ ಸುಣ್ಣದ ಗುರುತು ಹಾಕಿ ಹೋಗಿದ್ದಾನಂತೆ. ಹಲಸು ಕಡಿದು ಹಲಸು ನೆಡುವ ಲೆಕ್ಕ. ಅರ್ಜಿಯನ್ನು ಇಟ್ಟುಕೊಂಡು, “ಹದಿನೈದು ದಿವಸ ಕೊಡಿ, ಅಲ್ಲಿಯವರೆಗೆ ಕೊಡಲಿ ಮುಟ್ಟಿಸಬೇಡಿ” ಎಂದು ಹೇಳಿ ಕಳುಹಿಸಿದೆವು. ಆ ಹದಿನೈದು ದಿವಸಗಳಲ್ಲಿ ನಾವು ಓದಿದ್ದು, ವಿಚಾರಿಸಿದ್ದು, ನೆನೆದದ್ದು ಇತರ ಸದಸ್ಯ ಬಾಂಧವರಿಗೂ ಉಪಯೋಗವಾದೀತೆಂದು ಇಲ್ಲಿ ಬರೆಯುತ್ತಿದ್ದೇವೆ. ಇಂಥದೇ ಕರಪತ್ರ ಹಿಡಿದು ಇನ್ನೂ ಇಬ್ಬರು ಬಂದು ಹೋಗಿದ್ದಾರೆ.

ಮೊದಲಿಗೆ, ಕರಪತ್ರದಲ್ಲಿ ನಿಜವಿರುವ ಭಾಗ. ಕೆಂಪು ತೊಳೆಯ ಹಲಸು ನಮಗೆ ಹೊಸತಲ್ಲ. ನಮ್ಮ ಕಡೆ ಅದನ್ನು ಚಂದ್ರ ಹಲಸು ಎನ್ನುತ್ತೇವೆ. ಕಡೂರು ತಾಲ್ಲೂಕಿನ ಸಖರಾಯಪಟ್ಟಣದ ಕೆಂಪು ಹಲಸೂ ಹೆಸರುವಾಸಿ. ಆದರೆ ಈ ಹಣ್ಣಿಗೆ ದೇಶದ ಭೂಪಟದಲ್ಲಿ ಸ್ಥಾನ ದೊರೆತದ್ದು ನಮ್ಮ ಗುಬ್ಬಿ ತಾಲ್ಲೂಕಿನ ಚೇಳೂರಿನ ಒಂದು ಮರದಿಂದ. ಶ್ರೀ ಎಸ್. ಎಸ್. ಪರಮೇಶ್ ಅವರ ತೋಟದಲ್ಲಿ ಅವರ ತಂದೆ ದಿವಂಗತ ಎಸ್. ಕೆ. ಸಿದ್ದಪ್ಪನವರು ನೆಟ್ಟು ಬೆಳೆಸಿದ ಮರ ಅದು. ಹಣ್ಣು ಒಂದೊಂದೂ ಎರಡೂವರೆ ಕಿಲೋ ಆಸುಪಾಸು. ಗೊಂಚಲು ಗೊಂಚಲಾಗಿ ವರ್ಷಕ್ಕೆ ಸುಮಾರು 450 ಹಣ್ಣು. ಒಡೆದರೆ ಒಳಗೆ ಇಪ್ಪತ್ತೈದು ಮೂವತ್ತು ತೊಳೆ, ಬಣ್ಣ ತಾಮ್ರದ್ದು. ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ತಮ್ಮ ಹಿರೇಹಳ್ಳಿ ಕೇಂದ್ರದ ಮೂಲಕ ಈ ಹಣ್ಣನ್ನು ಪರೀಕ್ಷಿಸಿ, ಸಿದ್ದಪ್ಪನವರ ನೆನಪಿಗೆ ‘ಸಿದ್ದು’ ಎಂದೇ ಹೆಸರಿಟ್ಟು, 2017ರಲ್ಲಿ ರೈತರೊಡನೆ ಒಪ್ಪಂದ ಮಾಡಿಕೊಂಡರು. ಕಸಿ ಗಿಡಗಳ ಮಾರಾಟದಿಂದ ಬಂದ ಹಣದಲ್ಲಿ ನೂರಕ್ಕೆ ಎಪ್ಪತ್ತೈದು ಭಾಗ ಮರದ ಒಡೆಯರಿಗೆ. ಸಹಕಾರ ಕ್ಷೇತ್ರದಲ್ಲಿ ಕೂದಲು ನರೆಸಿಕೊಂಡ ನಮಗೆ ಹಣ್ಣಿನಷ್ಟೇ ಈ ಷರತ್ತೂ ರುಚಿಸಿತು. ತರುವಾಯ ಅದೇ ತಾಲ್ಲೂಕಿನ ಚೌಡ್ಲಾಪುರದ ರೈತ ಶ್ರೀ ಶಂಕರಯ್ಯನವರ ತೋಟದ ಮರದಿಂದ ‘ಶಂಕರ’ ಎಂಬ ಎರಡನೆಯ ತಳಿ ಬಂತು.

ಸಂಸ್ಥೆಯವರು ಪ್ರಕಟಿಸಿದ ಅಂಕಿಗಳ ಪ್ರಕಾರ, ನೂರು ಗ್ರಾಂ ಸಿದ್ದು ತೊಳೆಯಲ್ಲಿ ಒಟ್ಟು ಕೆರೋಟಿನಾಯ್ಡುಗಳು 4.43 ಮಿಲಿಗ್ರಾಂ, ಅದರಲ್ಲಿ ಲೈಕೋಪೀನ್ 1.12 ಮಿಲಿಗ್ರಾಂ. ಶಂಕರ ತಳಿಯಲ್ಲಿ ಕ್ರಮವಾಗಿ 5.83 ಮತ್ತು 2.26. ಈ ಹೆಸರುಗಳು ಏನು, ಈ ಅಂಕಿಗಳು ಎಲ್ಲಿಂದ ಬಂದವು ಎಂಬುದನ್ನು ತಿಳಿಯದೆ ಕರಪತ್ರವನ್ನು ನಂಬುವುದಾಗಲಿ ತಳ್ಳಿಹಾಕುವುದಾಗಲಿ ಸರಿಯಲ್ಲ.

ಕೆರೋಟಿನಾಯ್ಡುಗಳೆಂದರೆ ಗಿಡಗಳು ತಯಾರಿಸುವ ಹಳದಿ, ಕಿತ್ತಳೆ, ಕೆಂಪು ಬಣ್ಣಗಳ ಒಂದು ದೊಡ್ಡ ಕುಟುಂಬ. ಬ್ರೆಜಿಲ್ ದೇಶದ ವಿಜ್ಞಾನಿಗಳು 2009ರಲ್ಲಿ ಹಲಸಿನ ತೊಳೆಯೊಂದರಲ್ಲೇ 18 ಬಗೆಯ ಕೆರೋಟಿನಾಯ್ಡುಗಳನ್ನು ಗುರುತಿಸಿದರು. ಅವುಗಳಲ್ಲಿ ಲೂಟೀನ್ ಮತ್ತು ಬೀಟಾ ಕೆರೋಟಿನ್ ಮುಖ್ಯವಾದವು. ನಾವು ದಿನವೂ ನೋಡುವ ಹಳದಿ ತೊಳೆಯ ಬಣ್ಣ ಇವುಗಳದ್ದೇ. ಟೊಮೇಟೊ, ಕಲ್ಲಂಗಡಿಯ ಕೆಂಪು ಲೈಕೋಪೀನಿನದು. ವಿಚಿತ್ರವೆಂದರೆ ಲೈಕೋಪೀನಿಗೂ ಬೀಟಾ ಕೆರೋಟಿನಿಗೂ ಸರಕು ಒಂದೇ: ಎರಡರಲ್ಲಿಯೂ ಇಂಗಾಲದ 40 ಅಣುಕಣ, ಜಲಜನಕದ 56. ಲೈಕೋಪೀನ್ ನೀಳವಾದ ಹಗ್ಗದಂತೆ ಚಾಚಿಕೊಂಡಿರುತ್ತದೆ. ಗಿಡದೊಳಗಿನ ಒಂದು ಕಿಣ್ವ ಆ ಹಗ್ಗದ ಎರಡು ತುದಿಗಳನ್ನೂ ಕುಣಿಕೆ ಹಾಕಿ ಮಡಿಸಿದರೆ ಬೀಟಾ ಕೆರೋಟಿನ್. ಕುಣಿಕೆ ಹಾಕುವ ಕೆಲಸ ನಿಧಾನವಾದಲ್ಲಿ ಲೈಕೋಪೀನ್ ಹಾಗೆಯೇ ಕೂಡಿಕೊಂಡು ಹಣ್ಣು ಕೆಂಪೇರುತ್ತದೆ. ಕುಣಿಕೆಯಿಲ್ಲದ ಕಾರಣ ಲೈಕೋಪೀನಿನಿಂದ ನಮ್ಮ ದೇಹ ಎ ಜೀವಸತ್ವವನ್ನು ಮಾಡಿಕೊಳ್ಳಲಾರದು. ಬೀಟಾ ಕೆರೋಟಿನಿನಿಂದ ಮಾಡಿಕೊಳ್ಳಬಲ್ಲದು. ‘ಕಣ್ಣಿಗೆ ಒಳ್ಳೆಯದು’ ಎಂಬ ಮಾತು ಕೆಂಪಿಗಿಂತ ಹೆಚ್ಚಾಗಿ ಹಳದಿಗೆ ಸಲ್ಲುತ್ತದೆ.

ಇವನ್ನು ಬೇರ್ಪಡಿಸುವ ವಿಧಾನಕ್ಕೆ ನೂರು ವರ್ಷ ಮೀರಿದ ಇತಿಹಾಸವಿದೆ. ರಷ್ಯದ ಸಸ್ಯಶಾಸ್ತ್ರಜ್ಞ ತ್ಸ್ವೆಟ್ ಎಂಬಾತ ಎಲೆಯ ರಸವನ್ನು ಸೀಮೆಸುಣ್ಣದ ಪುಡಿ ತುಂಬಿದ ಗಾಜಿನ ಕೊಳವೆಯಲ್ಲಿ ಇಳಿಯಬಿಟ್ಟಾಗ ಹಸಿರು, ಹಳದಿ ಪಟ್ಟಿಗಳು ಒಂದರ ಕೆಳಗೊಂದು ಬೇರೆ ಬೇರೆಯಾಗಿ ನಿಂತವು. 1906ರಲ್ಲಿ ಅವನು ಇದಕ್ಕೆ ಕ್ರೊಮಟೋಗ್ರಫಿ ಎಂದು ಹೆಸರಿಟ್ಟ. ನಾವು ಕಾಲೇಜಿನಲ್ಲಿ ಸೋಸು ಕಾಗದದ ಮೇಲೆ ಶಾಯಿಯ ತೊಟ್ಟಿಟ್ಟು ಮಾಡಿದ ಪ್ರಯೋಗ ಇದೇ; ಆಗ ಅದು ಪರೀಕ್ಷೆಗೆ ಬರುವ ಪ್ರಶ್ನೆಯೆಂದಷ್ಟೇ ತಿಳಿದಿದ್ದೆವು. ಈಗಿನ ಯಂತ್ರಗಳಲ್ಲಿ ದ್ರಾವಣವನ್ನು ಭಾರಿ ಒತ್ತಡದಲ್ಲಿ ಸಣ್ಣ ಉಕ್ಕಿನ ಕೊಳವೆಯೊಳಗೆ ನೂಕುತ್ತಾರೆ. ಯಾವ ವಸ್ತು ಎಷ್ಟು ನಿಮಿಷಕ್ಕೆ ಹೊರಬಂತು ಎಂಬುದರ ಮೇಲೆ ಅದರ ಗುರುತು. ಪ್ರಮಾಣ ತಿಳಿಯಲು ಬೆಳಕು. ತೊಳೆಯನ್ನು ಅಸಿಟೋನಿನಲ್ಲಿ ಅರೆದು ಬಣ್ಣವನ್ನು ಪೆಟ್ರೋಲಿಯಂ ಈಥರಿಗೆ ಇಳಿಸಿ, ಆ ದ್ರಾವಣದ ಮೂಲಕ ನಿಗದಿಯಾದ ತರಂಗಾಂತರದ ಬೆಳಕು ಹಾಯಿಸುತ್ತಾರೆ. ಬೀಟಾ ಕೆರೋಟಿನ್ 450 ನ್ಯಾನೋಮೀಟರಿನ ಸುತ್ತ ಬೆಳಕನ್ನು ಹೆಚ್ಚು ಹೀರುತ್ತದೆ. ಲೈಕೋಪೀನನ್ನು ಸಾಮಾನ್ಯವಾಗಿ 503ರಲ್ಲಿ ಅಳೆಯುತ್ತಾರೆ, ಅಲ್ಲಿ ಇತರ ಬಣ್ಣಗಳ ತಂಟೆ ಕಡಿಮೆ.

ಇನ್ನು ‘ಆಂಟಿ ಆಕ್ಸಿಡೆಂಟ್ ಶಕ್ತಿ’. ಇದಕ್ಕೆ ಹೆಚ್ಚು ಬಳಕೆಯಲ್ಲಿರುವ ಪರೀಕ್ಷೆಯ ಹೆಸರು ಡಿಪಿಪಿಎಚ್. ಅದೊಂದು ಕಡು ನೇರಳೆ ಬಣ್ಣದ ವಸ್ತು, ಸ್ವಭಾವತಃ ಎಲೆಕ್ಟ್ರಾನಿನ ಜೋಡಿ ತಪ್ಪಿದ್ದು, ಅಂದರೆ ಫ್ರೀ ರ‍್ಯಾಡಿಕಲ್. ಹಣ್ಣಿನ ಸಾರದಲ್ಲಿ ಜೋಡಿ ಒದಗಿಸುವ ವಸ್ತುಗಳಿದ್ದರೆ ನೇರಳೆ ಮಾಸಿ ಹಳದಿಗೆ ತಿರುಗುತ್ತದೆ. ಎಷ್ಟು ಮಾಸಿತು ಎಂಬುದೇ ಅಂಕಿ. ಪರೀಕ್ಷೆ ಸುಲಭ, ಅಗ್ಗ, ಅರ್ಧ ಗಂಟೆಯ ಕೆಲಸ. ಎರಡು ತಳಿಗಳನ್ನು ಹೋಲಿಸಿ ನೋಡಲು ಯೋಗ್ಯವಾದದ್ದು. ಆದರೆ ಗಮನಿಸಿ, ಇದೆಲ್ಲ ನಡೆದದ್ದು ಗಾಜಿನ ನಳಿಗೆಯಲ್ಲಿ. ನಳಿಗೆಗೆ ಹೊಟ್ಟೆಯಿಲ್ಲ, ಯಕೃತ್ತಿಲ್ಲ. ತಿಂದದ್ದರಲ್ಲಿ ಎಷ್ಟು ರಕ್ತಕ್ಕೆ ಸೇರೀತು, ಸೇರಿದ್ದು ಅಲ್ಲಿ ಏನು ಮಾಡೀತು ಎಂಬುದನ್ನು ಅದು ಹೇಳುವುದಿಲ್ಲ. ಅಮೆರಿಕದ ಕೃಷಿ ಇಲಾಖೆ ಆಹಾರ ಪದಾರ್ಥಗಳ ಇಂಥದೇ ಅಂಕಿಗಳ ಪಟ್ಟಿಯೊಂದನ್ನು ಪ್ರಕಟಿಸಿತ್ತು. ಮಾರಾಟಗಾರರು ಅದನ್ನು ಜಾಹೀರಾತಿಗೆ ದುರುಪಯೋಗ ಮಾಡುತ್ತಿದ್ದಾರೆ, ನಳಿಗೆಯ ಅಂಕಿಗೂ ದೇಹದ ಆರೋಗ್ಯಕ್ಕೂ ನೇರ ಸಂಬಂಧ ಸಿದ್ಧವಾಗಿಲ್ಲ ಎಂಬ ಕಾರಣದಿಂದ 2012ರಲ್ಲಿ ಆ ಪಟ್ಟಿಯನ್ನೇ ಹಿಂದಕ್ಕೆ ತೆಗೆದುಕೊಂಡಿತು.

ಇದಕ್ಕಿಂತ ದೊಡ್ಡ ಪಾಠ ಫಿನ್ಲೆಂಡಿನದು. ಬೀಟಾ ಕೆರೋಟಿನ್ ಕ್ಯಾನ್ಸರನ್ನು ತಡೆಯುತ್ತದೆಂಬ ನಂಬಿಕೆಯಿಂದ ಅಲ್ಲಿ ಬೀಡಿ ಸಿಗರೇಟು ಸೇದುವ 29,133 ಗಂಡಸರನ್ನು ಗುಂಪುಗಳಾಗಿ ಮಾಡಿ, ಕೆಲವರಿಗೆ ದಿನಕ್ಕೆ 20 ಮಿಲಿಗ್ರಾಂ ಮಾತ್ರೆಯನ್ನು ಐದರಿಂದ ಎಂಟು ವರ್ಷ ಕೊಟ್ಟರು. 1994ರಲ್ಲಿ ಫಲಿತಾಂಶ ಬಂದಾಗ ಮಾತ್ರೆ ತಿಂದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ನೂರಕ್ಕೆ 18ರಷ್ಟು ಹೆಚ್ಚಾಗಿತ್ತು! ಅಮೆರಿಕದ ಇನ್ನೊಂದು ಪ್ರಯೋಗವನ್ನು ಇದೇ ಬಗೆಯ ಕೇಡು ಕಂಡು 1996ರ ಜನವರಿಯಲ್ಲಿ ಅವಧಿಗೆ ಮೊದಲೇ ನಿಲ್ಲಿಸಬೇಕಾಯಿತು. ಹಣ್ಣು ತಿನ್ನುವುದಕ್ಕೂ ಮಾತ್ರೆ ನುಂಗುವುದಕ್ಕೂ ವ್ಯತ್ಯಾಸವಿದೆ, ಹಲಸಿನ ತೊಳೆಗೆ ಯಾರೂ ಹೆದರಬೇಕಾಗಿಲ್ಲ. ಕರಪತ್ರದ ‘ರಾಮಬಾಣ’ದ ಮಾತಿಗೆ ಮಾತ್ರ ಆಧಾರವಿಲ್ಲ.

ದೂರದ ಮಾತೇಕೆ, ನಮ್ಮ ಮನೆಯ ಬೆಳೆಯನ್ನೇ ನೋಡೋಣ. ಅಡಿಕೆ ಬೇಯಿಸುವ ಹಂಡೆಯ ಚೊಗರನ್ನು ಡಿಪಿಪಿಎಚ್ ಪರೀಕ್ಷೆಗೆ ಒಡ್ಡಿದರೆ ಮೊದಲ ದರ್ಜೆಯಲ್ಲಿ ಪಾಸಾಗುತ್ತದೆ. ಕ್ಯಾಟೆಚಿನ್ ಜಾತಿಯ ಒಗರು ವಸ್ತುಗಳು, ಟ್ಯಾನಿನ್ನುಗಳು ಅದರಲ್ಲಿ ಅಷ್ಟಿವೆ. ಎಳೆಯ ಕಾಯಿಯಲ್ಲಿ ಇವು ಹೆಚ್ಚು, ಬಲಿತಂತೆ ಇಳಿಯುತ್ತವೆ. ಹಾಗೆಂದು ಅಡಿಕೆ ಅಗಿಯುವುದು ಆರೋಗ್ಯಕರವೆಂದು ಬರೆಯಲು ನಮಗೆ ಲೇಖನಿ ಏಳುವುದಿಲ್ಲ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2003ರಲ್ಲಿ ಅಡಿಕೆಯನ್ನೇ ಕ್ಯಾನ್ಸರ್‌ಕಾರಕಗಳ ಒಂದನೆಯ ಗುಂಪಿಗೆ ಸೇರಿಸಿದೆ. ಈ ಸಾಲನ್ನು ನಮ್ಮ ಪತ್ರಿಕೆಯಲ್ಲಿ ಓದಲು ಕೆಲವು ಸದಸ್ಯರಿಗೆ ಬೇಸರವಾಗಬಹುದು, ಬರೆಯಲು ನಮಗೂ ಹಿತವಿಲ್ಲ, ತೋಟ ನಮ್ಮದೂ ಅಡಿಕೆಯದೇ. ಕಾಫಿ ಬೆಳೆಯುವ ಮಿತ್ರರು ಮಾತ್ರ ನೆಮ್ಮದಿಯಾಗಿರಬಹುದು. ಕ್ಲೋರೊಜೆನಿಕ್ ಆಮ್ಲದಿಂದ ತುಂಬಿದ ಕಾಫಿಯನ್ನು 1991ರಲ್ಲಿ ಅದೇ ಸಂಸ್ಥೆ ಸಂಶಯದ ಪಟ್ಟಿಯಲ್ಲಿರಿಸಿತ್ತು. 2016ರಲ್ಲಿ ಸಾಕಷ್ಟು ಪುರಾವೆಯಿಲ್ಲವೆಂದು ಅಲ್ಲಿಂದ ತೆಗೆಯಿತು. ನಳಿಗೆಯಲ್ಲಿ ಎರಡು ಬೆಳೆಗಳಿಗೂ ಒಂದೇ ಬಗೆಯ ಅಂಕ, ಬಾಯಿಗೆ ಬಂದಾಗ ಹಣೆಬರಹ ಬೇರೆ.

ಹಾಗಾದರೆ 1.12 ಎಂಬ ಅಂಕಿ ದೊಡ್ಡದೋ ಸಣ್ಣದೋ? ಹಲಸಿನ ಮಟ್ಟಿಗೆ ದೊಡ್ಡದು. ಆದರೆ ಸಾಧಾರಣ ಟೊಮೇಟೊವಿನಲ್ಲಿ ನೂರು ಗ್ರಾಮಿಗೆ ಎರಡೂವರೆ ಮಿಲಿಗ್ರಾಂ ಲೈಕೋಪೀನ್ ಇರುತ್ತದೆ, ಕಲ್ಲಂಗಡಿಯಲ್ಲಿ ನಾಲ್ಕೂವರೆ. ಲೈಕೋಪೀನ್ ಬೇಕೆಂದು ಹಲಸು ತಿನ್ನುವವನಿಗಿಂತ ಎಣ್ಣೆ ಹಾಕಿ ಬೇಯಿಸಿದ ಟೊಮೇಟೊ ಗೊಜ್ಜು ತಿನ್ನುವವನೇ ಜಾಣ. ಇದು ಎಣ್ಣೆಯಲ್ಲಿ ಕರಗುವ ವಸ್ತು, ಬೆಂದಾಗ ಮೈಗೆ ಸುಲಭವಾಗಿ ಹತ್ತುತ್ತದೆ. ಸಿದ್ದು ಹಣ್ಣಿನ ಹೆಚ್ಚಳ ಬೇರೆಲ್ಲಿದೆ ಎಂದರೆ, ಸಣ್ಣ ಸಂಸಾರ ಒಂದೇ ಸಲಕ್ಕೆ ತಿಂದು ಮುಗಿಸಬಹುದಾದ ಗಾತ್ರದಲ್ಲಿ, ಗೊಂಚಲು ಕಟ್ಟುವ ಗುಣದಲ್ಲಿ, ಕಣ್ಣು ಸೆಳೆಯುವ ಬಣ್ಣದಲ್ಲಿ, ನಾಲಿಗೆಯಲ್ಲಿ. ಪೇಟೆಯಲ್ಲಿ ಕೊಳ್ಳುವವರು ಹನ್ನೆರಡು ಕಿಲೋ ಹಣ್ಣನ್ನು ನೋಡಿ ಹೆದರಿ ಮುಂದೆ ಹೋಗುವುದನ್ನು ಚೇಳೂರು ಸಂತೆಯ ಹಲಸಿನ ರಾಶಿಗಳ ಮುಂದೆ ನಿಂತವರೆಲ್ಲ ಬಲ್ಲರು. ಬಣ್ಣದ ವಿಚಾರದಲ್ಲಿ ಇನ್ನೊಂದು ಮಾತು. ಹಣ್ಣಾಗುವಾಗ ಕೂಡಿಬರುವ ಬಣ್ಣ ಅದು. ಹಪ್ಪಳಕ್ಕೆ, ಚಿಪ್ಸಿಗೆ ಬಳಸುವ ಬಲಿತ ಕಾಯಿಯಲ್ಲಿ ಅದನ್ನು ಹುಡುಕಬಾರದು. ತೊಳೆಯನ್ನು ಬಿಸಿಲಿನಲ್ಲಿ ಒಣಗಿಸಿದರೆ ಬೆಳಕಿಗೆ, ಗಾಳಿಗೆ ಅದೇ ಮೊದಲು ಹಾಳಾಗುತ್ತದೆ.

ಇಲ್ಲಿಯವರೆಗೆ ಲೆಕ್ಕ. ಇನ್ನು ನಮ್ಮ ಮನೆಯ ಸಂಗತಿ.

ನಮ್ಮ ತೋಟದ ನೈರುತ್ಯ ಮೂಲೆಯ ಬದುವಿನಲ್ಲಿ ಒಂದು ಹಲಸಿನ ಮರವಿತ್ತು. ಅಜ್ಜಿ ನೆಟ್ಟದ್ದೆಂದು ತಾಯಿ ಹೇಳುತ್ತಿದ್ದರು. ಹಣ್ಣು ಚಿಕ್ಕದು, ತೊಳೆ ಗಟ್ಟಿ, ಬಣ್ಣ ಒಲೆಯೊಳಗಿನ ಕೆಂಡದ್ದು. ಮಕ್ಕಳು ಅದನ್ನು ಕೆಂಡದ ಮರ ಎಂದೇ ಕರೆಯುತ್ತಿದ್ದರು. ಆಷಾಢದಲ್ಲಿ ತವರಿಗೆ ಬಂದ ಹೆಣ್ಣುಮಕ್ಕಳು ಹೋಗುವಾಗ ಆ ಮರದ ಒಂದು ಹಣ್ಣು ಬುಟ್ಟಿಯಲ್ಲಿ ಇರಲೇಬೇಕು. 2003ರ ಬರದಲ್ಲಿ ಬಾವಿ ಬತ್ತಿ, ಅಡಿಕೆ ಗರಿ ಇಳಿಬಿದ್ದು, ಕೊಳವೆ ಬಾವಿ ಕೊರೆಸಲು ಹಣ ಹೊಂದಿಸಬೇಕಾಯಿತು. ಮರ ಮಾರಿದೆವು. ತಾಯಿ ಅಂದು ಏನೂ ಹೇಳಲಿಲ್ಲ, ಮರ ಉರುಳುವ ಹೊತ್ತಿಗೆ ಮನೆಯೊಳಗೆ ಹೋದರು. ಕೊಯ್ದ ಹೊಟ್ಟು ಅರಿಸಿನ ಚೆಲ್ಲಿದಂತೆ ಬದುವಿನ ಮೇಲೆಲ್ಲ ಬಿದ್ದಿತ್ತು, ಗರಗಸದವನ ಅಂಗೈ ಎರಡು ದಿನ ಹಳದಿಯಾಗಿಯೇ ಇತ್ತು. ಏಳುನೂರು ಅಡಿ ಕೊರೆದರೂ ಬಂದದ್ದು ಬರೀ ಧೂಳು.

ಆ ಹಳದಿಯ ಹೆಸರು ಮೋರಿನ್. 1895ರಲ್ಲಿಯೇ ಪರ್ಕಿನ್ ಮತ್ತು ಕೋಪ್ ಎಂಬ ಇಂಗ್ಲಿಷ್ ರಸಾಯನಶಾಸ್ತ್ರಜ್ಞರು ಹಲಸಿನ ಮರದ ಚೇಗಿನಲ್ಲಿ ಅದನ್ನು ಗುರುತಿಸಿದ್ದರು. 1960ರ ದಶಕದಲ್ಲಿ ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದಲ್ಲಿ ಕೆ. ವೆಂಕಟರಾಮನ್ ಮತ್ತು ಸಂಗಡಿಗರು ಅದೇ ಚೇಗಿನಿಂದ ಇನ್ನೂ ಹಲವು ಫ್ಲೇವೋನುಗಳನ್ನು ಬಿಡಿಸಿ ತೆಗೆದರು. ಬೌದ್ಧ ಭಿಕ್ಷುಗಳ ವಸ್ತ್ರಕ್ಕೆ ಹಲಸಿನ ಚಕ್ಕೆಯ ಬಣ್ಣ ಹಾಕುವ ರೂಢಿ ಇವೆಲ್ಲಕ್ಕಿಂತ ಹಳೆಯದು. ಮರದ ಬಣ್ಣವನ್ನು ವಿಜ್ಞಾನ ನೂರಿಪ್ಪತ್ತು ವರ್ಷದ ಹಿಂದೆಯೇ ಓದಿತ್ತು. ನಮ್ಮೂರ ಹಣ್ಣಿನ ಬಣ್ಣವನ್ನು ಓದಲು 2017ರ ಆಸುಪಾಸಿನವರೆಗೆ ಕಾಯಬೇಕಾಯಿತು. ಚೇಳೂರಿನ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದ ದಿನ ನಾವು ತಾಯಿಗೆ ಅದನ್ನು ಹೇಳಲಿಲ್ಲ. ನಮ್ಮ ಮರವೂ ಅಂಥದೇ ಆಗಿತ್ತೆಂದು ಹೇಳಿಕೊಳ್ಳುವ ಹಕ್ಕು ನಮಗಿಲ್ಲ. ಅದರ ಒಂದು ತೊಳೆಯನ್ನೂ ಯಾರೂ ಅಳೆದು ನೋಡಿರಲಿಲ್ಲ.

ಬೀಜ ಹಾಕಿದ್ದರೆ ಉಳಿಯುತ್ತಿತ್ತಲ್ಲ ಎಂದು ಕೇಳುವವರಿದ್ದಾರೆ. ಉಳಿಯುತ್ತಿರಲಿಲ್ಲ. ಹಲಸಿನಲ್ಲಿ ಗಂಡು ಹೂಗೊಂಚಲು ಬೇರೆ, ಹೆಣ್ಣು ಬೇರೆ; ಪರಾಗ ಪಕ್ಕದ ಮರದಿಂದ ಬರುತ್ತದೆ, ಬೀಜದ ಸಸಿ ತಾಯಿಯನ್ನು ಹೋಲುವ ಭರವಸೆಯಿಲ್ಲ. ನಮ್ಮ ಜಿಲ್ಲೆಯ ಬದುಗಳ ಮೇಲೆ ನಿಂತಿರುವ ಒಂದೊಂದು ಬೀಜದ ಮರವೂ ತನ್ನಂತೆ ತಾನೇ ಒಂದು, ಇನ್ನೊಂದಿಲ್ಲ. ಸಿದ್ದು, ಶಂಕರ ಸಿಕ್ಕಿದ್ದು ಈ ಕಾರಣದಿಂದಲೇ. ಅದನ್ನು ಉಳಿಸಿಕೊಳ್ಳುವ ದಾರಿ ಕಸಿ ಮಾತ್ರ. ಮೃದುಕಾಂಡ ಕಸಿಗೆ ಬೇಕಾದದ್ದು ಬದುಕಿರುವ ಮರದ ಗೇಣುದ್ದದ ಕಡ್ಡಿ. 2003ರಲ್ಲಿ ಒಂದು ಕಡ್ಡಿ ತೆಗೆದಿರಿಸಲು ನಮಗೆ ತೋಚಲಿಲ್ಲ, ಓದಿದ ರಸಾಯನಶಾಸ್ತ್ರ ಉಪಯೋಗಕ್ಕೆ ಬರಲಿಲ್ಲ.

ಕರಪತ್ರದ ಗಿಡಗಳ ವಿಚಾರಕ್ಕೂ ಇದೇ ಮಾತು ಸಂಬಂಧಿಸಿದೆ. ಎಳೆಯ ಗಿಡದ ಎಲೆ ನೋಡಿ ತೊಳೆಯ ಬಣ್ಣ ಹೇಳುವವರು ಯಾರೂ ಇಲ್ಲ. ತಪ್ಪು ಗಿಡ ಬಂದಿದೆಯೆಂದು ತಿಳಿಯುವುದು ನಾಲ್ಕೈದು ವರ್ಷದ ಮೇಲೆ, ಸಾಲದ ಕಂತು ಮುಗಿಯುವ ಹೊತ್ತಿಗೆ. ಆದ್ದರಿಂದ ಸಂಸ್ಥೆಯಿಂದ, ಇಲ್ಲವೆ ಸಂಸ್ಥೆ ಒಪ್ಪಿಗೆ ಕೊಟ್ಟವರಿಂದ, ರಸೀದಿಯ ಸಹಿತ ಕೊಂಡ ಗಿಡಕ್ಕೆ ಮಾತ್ರ ಸಾಲದ ಶಿಫಾರಸು ಮಾಡುವುದೆಂದು ತೀರ್ಮಾನಿಸಿಕೊಂಡಿದ್ದೇವೆ. ಮೂರು ಎಕರೆಗೆ ಒಂದೇ ತಳಿ ತುಂಬುವುದೂ ನಮಗೆ ಸರಿಕಾಣದು. ಅಡಿಕೆ ತೋಟಕ್ಕೆ ಇಳಿಬಿಸಿಲು ಹೊಡೆಯುವ ನೈರುತ್ಯದ ಬದುವಿನಲ್ಲಿ ಹತ್ತು ಇಪ್ಪತ್ತು ಗಿಡ ನಿಂತರೆ ಅಡಿಕೆಯ ಕಾಂಡಕ್ಕೂ ನೆರಳು. ಕಾಫಿ ತೋಟದವರಿಗೆ ನಾವು ಹೇಳಬೇಕಾದ್ದಿಲ್ಲ, ಮೆಣಸಿನ ಬಳ್ಳಿ ಹಬ್ಬಿಸಲು ಹಲಸನ್ನು ಅವರ ಹಿರಿಯರೇ ಬಿಟ್ಟು ಹೋಗಿದ್ದಾರೆ.

ಹದಿನೈದನೆಯ ದಿವಸ ನಾವೇ ಗೌಡರ ತೋಟಕ್ಕೆ ಹೋದೆವು. ನಾಲ್ಕೂ ಮರದ ಬುಡದಲ್ಲಿ ಸುಣ್ಣದ ಗುರುತು. ಎರಡು ಮರದ ಹಣ್ಣು ಲೊಳೆಲೊಳೆ, ಸಾರು ಮಾಡುವುದಕ್ಕೂ ಆಗದು. ಮೂರನೆಯದು ಒಳ್ಳೆಯ ಹಳದಿ. ನಾಲ್ಕನೆಯದನ್ನು ಮನೆಯವರು ಲೆಕ್ಕಕ್ಕೇ ಇಟ್ಟುಕೊಂಡಿರಲಿಲ್ಲ. ಹಣ್ಣೆಲ್ಲ ತುದಿಯಲ್ಲಿ, ಮಂಗಗಳ ಪಾಲು. ಆಳು ಹತ್ತಿ ಒಂದನ್ನು ಹಗ್ಗದಲ್ಲಿ ಇಳಿಸಿದ. ಮೂರೂವರೆ ಕಿಲೋ ತೂಗಿತು. ಎಣ್ಣೆ ಸವರಿದ ಮಚ್ಚಿನಿಂದ ಗೌಡರ ಮನೆಯಾಕೆ ಅದನ್ನು ಸೀಳಿದರು. ಸಿಪ್ಪೆಯ ಮೇಣ ಒರೆಸಿ ನೋಡಿದರೆ ತೊಳೆ ಕೇಸರಿಯೂ ಅಲ್ಲ, ಪೂರಾ ಕೆಂಪೂ ಅಲ್ಲ, ನಡುವಿನದು. ರುಚಿಗೆ ಹೆಸರಿಡುವಂತಿಲ್ಲ, ನಾರು ಮಾತ್ರ ಸ್ವಲ್ಪ ಹೆಚ್ಚು.

“ಇದ್ರಲ್ಲೂ ಅದು ಐತಾ ಸ್ವಾಮಿ?” ಎಂದರು ಗೌಡರು.

“ಬಣ್ಣ ಇದೆ ಅಂದಮೇಲೆ ಏನೋ ಒಂದು ಇದೆ ಗೌಡ್ರೆ. ಎಷ್ಟಿದೆ ಅನ್ನೋದು ಕಣ್ಣಿಗೆ ತಿಳಿಯಲ್ಲ” ಎಂದೆವು.

ಇನ್ನೊಂದು ಹಣ್ಣನ್ನು ಗೋಣಿಚೀಲದಲ್ಲಿ ಸುತ್ತಿ ಹಿರೇಹಳ್ಳಿಗೆ ಒಯ್ದು ತೋರಿಸುವುದೆಂದು ಮಾತಾಯಿತು. ಅರ್ಜಿಯನ್ನು ಗೌಡರೇ ತಿದ್ದಿ, 300 ಎಂಬಲ್ಲಿ 20 ಎಂದು ಬರೆದು ಕೊಟ್ಟಿದ್ದಾರೆ. ರಾಗಿ ಹೊಲದಲ್ಲಿ ಈ ಮುಂಗಾರಿಗೆ ರಾಗಿಯೇ ಬಿದ್ದಿದೆ. ಲೊಳೆ ಹಣ್ಣಿನ ಎರಡು ಮರಗಳನ್ನು ವ್ಯಾಪಾರಿ ಕಡಿದುಕೊಂಡು ಹೋದ. ಉಳಿದೆರಡರ ಮುಂಗಡವನ್ನು ಗೌಡರು ಹಿಂದಿರುಗಿಸಿದರು. ನಾಲ್ಕನೆಯ ಮರದ ಬುಡದ ಸುಣ್ಣವನ್ನು ಅವರ ಮೊಮ್ಮಗ ತೆಂಗಿನ ನಾರಿನಿಂದ ಉಜ್ಜಿದನಂತೆ, ಪೂರ್ತಿ ಹೋಗಿಲ್ಲ.